ಮೊಳೆ ಹೊಡೆದ ಪೆಟ್ಟಿಗೆ

"ಇನ್ನು ಇದನ್ನ ಬಿಚ್ಚೋದು ಮಲೇಷ್ಯಾದಲ್ಲೇ," ಎಂದು ರೂಪೇಶ್ ಸುತ್ತಿಗೆಯನ್ನು ಕೆಳಗಿಟ್ಟ.

ನಡುಮನೆಯಲ್ಲಿ ಈಗ ಎರಡು ಮರದ ಪೆಟ್ಟಿಗೆಗಳನ್ನು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಕ್ಯಾಲೆಂಡರ್ ತೂಗಿದ್ದ ಜಾಗದಲ್ಲಿ ಗೋಡೆ ಮಾತ್ರ ಬೆಳ್ಳಗಿತ್ತು. ಹೊಸ್ತಿಲ ಮೇಲೆ ಕೂತಿದ್ದ ರಂಜಿನಿಗೆ ಈ ಮನೆ ಅಜ್ಜಿಯ ಮನೆಯಂತೆ ಕಾಣುತ್ತಲೇ ಇರಲಿಲ್ಲ.

ರೂಪೇಶ್ ಸಾಮಾನುಗಳನ್ನು ಹಡಗಿಗೆ ತಲುಪಿಸುವ ಕಂಪನಿಯವನು. ಬೆಳಿಗ್ಗೆಯೇ ಶಿವಮೊಗ್ಗದಿಂದ ಭದ್ರಾವತಿಗೆ ಬಂದಿದ್ದ. ಸಂಜೆ ಲಾರಿ ಬಂದು ಪೆಟ್ಟಿಗೆಗಳನ್ನು ಚೆನ್ನೈ ಬಂದರಿಗೆ ಒಯ್ಯಲಿತ್ತು. ಪೆಟ್ಟಿಗೆಗಳು ಹಡಗಿನಲ್ಲಿ, ಅಜ್ಜ ಅಜ್ಜಿ ಮುಂದಿನ ತಿಂಗಳು ವಿಮಾನದಲ್ಲಿ.

ಷಣ್ಮುಖಪ್ಪ ಅಜ್ಜ ಕಾಗದದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ರಂಜಿನಿ ಹುಟ್ಟುವುದಕ್ಕೂ ಮೊದಲು ಒಮ್ಮೆ ಕೆಲಸದ ಮೇಲೆ ಮಲೇಷ್ಯಾಕ್ಕೆ ಹೋಗಿ ಮೂರು ವರ್ಷ ಇದ್ದು ಬಂದಿದ್ದರು. ಅಲ್ಲಿನ ಸಮುದ್ರ ಅವರ ಮನಸ್ಸಿನಿಂದ ಹೋಗಲೇ ಇಲ್ಲ. ಈಗೀಗ ಎದೆಯಲ್ಲಿ ಧೂಳು ಕೂತಂತೆ ಕೆಮ್ಮುತ್ತಿದ್ದರು; ಸಮುದ್ರದ ಗಾಳಿಗೆ ಅದು ವಾಸಿಯಾಗುತ್ತದೆ ಎಂದು ನಂಬಿದ್ದರು. ವಯಸ್ಸಾದವರು ಬಂದು ವರ್ಷಗಟ್ಟಲೆ ಇರಬಹುದಾದ ವೀಸಾ ಒಂದಿದೆ ಎಂದು ಅಲ್ಲೇ ನೆಲೆಸಿದ್ದ ಗೆಳೆಯ ಸುಬ್ಬಪ್ಪ ಫೋನ್ ಮಾಡಿ ಹೇಳಿದ್ದೇ ತಡ, ಅಜ್ಜ ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿದ್ದರು.

ಆ ವೀಸಾ ಸುಲಭಕ್ಕೆ ಸಿಗಲಿಲ್ಲ. ಬ್ಯಾಂಕು, ಪೊಲೀಸು, ಡಾಕ್ಟರು ಎಂದು ಅಜ್ಜ ಅಲೆದ ಅಲೆತಕ್ಕೆ ಚಪ್ಪಲಿ ಸವೆದವು. ಎಲ್ಲಕ್ಕಿಂತ ಕಷ್ಟವಾದದ್ದು ಅಜ್ಜಿಯ ಫೋಟೋ. ಎರಡೂ ಕಿವಿ ಕಾಣಬೇಕು ಎಂದು ಹಳೇ ಪೇಟೆಯ ಸ್ಟುಡಿಯೋದವನು ಹೇಳಿದ. ತಲೆಯ ಮೇಲಿನ ಸೆರಗನ್ನು ತೆಗೆಯುವುದಿಲ್ಲ ಎಂದು ಬಸವರಾಜೇಶ್ವರಿ ಅಜ್ಜಿ ಎದ್ದೇ ಬಂದುಬಿಟ್ಟಿದ್ದರು. ಮೂರನೆಯ ಸಲ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೂತಾಗ, "ಮದುವೆಯಾದ ಮೇಲೆ ಈ ಕಿವಿ ನೋಡಿದ ಮೊದಲನೇ ಗಂಡಸು ನೀನೇ ಕಣಪ್ಪ," ಎಂದಿದ್ದರಂತೆ. ಆ ಫೋಟೋದಲ್ಲಿ ಅಜ್ಜಿ ಯಾರೋ ಬೈದಂತೆ ಕೂತಿದ್ದಾರೆ.

ಕೊನೆಗೂ ವೀಸಾ ಬಂದಾಗ ಅಜ್ಜ ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ರಂಜಿನಿ ಮಾತ್ರ ತನ್ನ ಪಾಲನ್ನು ತಿನ್ನಲಿಲ್ಲ. ಶಿವಮೊಗ್ಗದ ಆಲ್ಕೊಳದ ತನ್ನ ಮನೆಯಿಂದ ಪ್ರತಿ ಶನಿವಾರ ಬಸ್ಸು ಹತ್ತಿದರೆ, ದಾರಿಯ ಮಲವಗೊಪ್ಪ ದಾಟುವ ಹೊತ್ತಿಗೆ ಅವಳ ಬಾಯಲ್ಲಿ ನೀರೂರುತ್ತಿತ್ತು. ಇಲ್ಲಿ ಅಜ್ಜಿ ರೊಟ್ಟಿ ತಟ್ಟುತ್ತಿರುತ್ತಿದ್ದರು. ಇನ್ನು ಮೇಲೆ ಶನಿವಾರ ಎಲ್ಲಿಗೆ ಹೋಗುವುದು? ಅದನ್ನು ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ರೂಪೇಶ್ ಒಂದು ಹಾಳೆಯನ್ನು ಪೆಟ್ಟಿಗೆಯ ಮೇಲೆ ಹರಡಿ, ಸೈನ್ ಹಾಕುವ ಮೊದಲು ಒಂದಿಷ್ಟು ಕೇಳಬೇಕು ಎಂದ. ಅಡುಗೆ ಎಣ್ಣೆ ಇದೆಯೇ? ಇಲ್ಲ. ಉಪ್ಪಿನಕಾಯಿ? ಇಲ್ಲ ಎಂದು ಅಜ್ಜ ಅಜ್ಜಿಯ ಕಡೆ ನೋಡಿದರು. ಅಜ್ಜಿ ತಲೆಯಾಡಿಸಿದರು.

"ಗಿಡ, ಮಣ್ಣು, ಬೀಜ?"

"ಅದೆಲ್ಲಾ ಯಾಕಪ್ಪ ತಗೊಂಡು ಹೋಗ್ತೀವಿ," ಎಂದು ಅಜ್ಜ ನಕ್ಕರು.

ರಂಜಿನಿ ಉಗುರು ಕಚ್ಚತೊಡಗಿದಳು.

ಬೆಳಿಗ್ಗೆ ಅಜ್ಜಿ ಕಾಫಿ ಕಾಸುತ್ತಿದ್ದಾಗ ಅವಳು ಹಿತ್ತಿಲ ಬೇಲಿಯ ಮೇಲೆ ಒಣಗಿದ್ದ ಹೀರೆಕಾಯನ್ನು ಒಡೆದು, ಕಪ್ಪು ಬೀಜಗಳನ್ನು ತನ್ನ ಹಳೆಯ ಪೆನ್ಸಿಲ್ ಪೌಚಿನಲ್ಲಿ ತುಂಬಿ, ಎರಡನೆಯ ಪೆಟ್ಟಿಗೆಯ ಜಮಖಾನದ ಮಡಿಕೆಯಲ್ಲಿ ಇಟ್ಟಿದ್ದಳು. ಹೊಸ ಮನೆಗೆ ಹೋಗುವ ಹೆಣ್ಣು ಬರಿಗೈಯಲ್ಲಿ ಹೋಗಬಾರದು, ಹಿತ್ತಿಲ ಬೀಜ ಒಯ್ಯಬೇಕು ಎಂದು ಅಜ್ಜಿಯೇ ಎಷ್ಟೋ ಸಲ ಹೇಳಿದ್ದರು. ಮದುವೆಯಾಗಿ ಈ ಊರಿಗೆ ಬಂದಾಗ ಅವರು ಸೆರಗಿನ ತುದಿಗೆ ಬೀಜ ಕಟ್ಟಿಕೊಂಡೇ ಬಂದಿದ್ದರಂತೆ. ಈ ಗಡಿಬಿಡಿಯಲ್ಲಿ ಅಜ್ಜಿಗೆ ಅದು ಮರೆತುಹೋಗಿದೆ ಎಂದು ರಂಜಿನಿ ತಿಳಿದಿದ್ದಳು.

"ಬೀಜ ಸಿಕ್ಕಿದ್ರೆ ಏನ್ ಮಾಡ್ತಾರೆ ಅಂಕಲ್?" ಅವಳ ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು.

"ಪೆಟ್ಟಿಗೆ ಹಿಡಿದಿಟ್ಕೊತಾರೆ ಮಾರಾಯ್ತಿ. ಬೇರೆ ದೇಶದ ಬೀಜದ ಜೊತೆ ಹುಳ, ರೋಗ ಎಲ್ಲಾ ಬರುತ್ತೆ ಅಂತ ಅವರಿಗೆ ಭಯ. ಸೈನ್ ಹಾಕಿದೋರನ್ನ ಕರೆಸಿ ಕೇಳ್ತಾರೆ." ಅವನು ಅಜ್ಜನ ಕಡೆ ಕಣ್ಣು ಮಿಟುಕಿಸಿದ. "ಸುಳ್ಳು ಹೇಳಿದ್ರಿ ಅಂತ ವಾಪಸ್ ಕಳಿಸಿದ್ರೂ ಕಳಿಸ್ಬಹುದು."

ಅದು ತಮಾಷೆಯೋ ನಿಜವೋ ರಂಜಿನಿಗೆ ತಿಳಿಯಲಿಲ್ಲ. ಅಜ್ಜ ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ತೆಗೆದು, ತಮ್ಮ ಉದ್ದನೆಯ ಸಹಿಯನ್ನು ನಿಧಾನವಾಗಿ ಹಾಕಿದರು. ರೂಪೇಶ್ ಲಾರಿ ಎಲ್ಲಿಯವರೆಗೆ ಬಂತೆಂದು ಫೋನ್ ಮಾಡಲು ಬೀದಿ ಮೂಲೆಯ ಬೂತಿಗೆ ಹೋದ.

ರಂಜಿನಿ ಹಿತ್ತಿಲಿಗೆ ಓಡಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಬಿಸಿಲಿಗೆ ಕಲ್ಲು ಸುಡುತ್ತಿದ್ದರೂ ಏಳಲಿಲ್ಲ.

ವಾಪಸ್. ಆ ಒಂದು ಮಾತು ಅವಳ ಕಿವಿಯಲ್ಲೇ ನಿಂತಿತ್ತು. ಪೆಟ್ಟಿಗೆ ಸಿಕ್ಕಿಬಿದ್ದರೆ ಅಜ್ಜಿ ವಾಪಸ್ ಬರುತ್ತಾರೆ. ಕ್ಯಾಲೆಂಡರ್ ಮತ್ತೆ ಗೋಡೆಗೆ ಬರುತ್ತದೆ. ಶನಿವಾರ ಮತ್ತೆ ಶನಿವಾರದಂತೆ ಇರುತ್ತದೆ. ಅದಕ್ಕೆ ಅವಳು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು.

ಒಂದು ಗಳಿಗೆ ಅವಳ ಮನಸ್ಸು ಬೇಲಿಯ ಮೇಲಿನ ಹಕ್ಕಿಯಷ್ಟು ಹಗುರಾಯಿತು. ಮರುಗಳಿಗೆಗೇ ಬೇರೊಂದು ಚಿತ್ರ ಬಂತು. ಗುರುತಿಲ್ಲದ ಯಾವುದೋ ಆಫೀಸು, ಗುರುತಿಲ್ಲದ ಜನ, ಅವರ ಮುಂದೆ ಅಜ್ಜ ನಿಂತಿದ್ದಾರೆ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಬಿಸಿಲಲ್ಲಿ ಮತ್ತೆ ನಡೆದುಹೋಗಿ ಕೊಟ್ಟು ಬರುವ ಅಜ್ಜ. "ಸುಳ್ಳು ಹೇಳಿದ್ರಿ" ಎಂದು ಯಾರೋ ಅವರಿಗೆ ಹೇಳುತ್ತಿದ್ದಾರೆ. ಅಜ್ಜ ಕನ್ನಡಕ ಏರಿಸಿ ತಮ್ಮದೇ ಸಹಿಯನ್ನು ನೋಡುತ್ತಿದ್ದಾರೆ.

ಬೀದಿಯ ಕೊನೆಯಲ್ಲಿ ಲಾರಿಯ ಹಾರ್ನ್ ಕೇಳಿಸಿತು. ರಂಜಿನಿ ಎದ್ದಳು. ಅದು ಬೇರೆ ಲಾರಿ, ನಿಲ್ಲದೆ ಹೋಯಿತು. ಆದರೂ ಅವಳು ಮತ್ತೆ ಕೂರಲಿಲ್ಲ.

ಅಜ್ಜ ಜಗಲಿಯಲ್ಲಿ ಪಾಸ್‌ಪೋರ್ಟ್ ತೆರೆದು ಇನ್ನೊಮ್ಮೆ ವೀಸಾ ನೋಡುತ್ತಿದ್ದರು. ರಂಜಿನಿ ಹೋಗಿ ಕಂಬ ಹಿಡಿದು ನಿಂತಳು.

"ಅಜ್ಜ, ಎರಡನೇ ಪೆಟ್ಟಿಗೇಲಿ ಬೀಜ ಇದೆ. ನಾನೇ ಇಟ್ಟಿದ್ದು."

ಅಜ್ಜ ಪಾಸ್‌ಪೋರ್ಟ್ ಮುಚ್ಚಿದರು. ಬೈಯಲಿಲ್ಲ. ಬೂತಿನಿಂದ ಆಗ ತಾನೇ ಮರಳುತ್ತಿದ್ದ ರೂಪೇಶನನ್ನು ಕೂಗಿ, ಮೊಳೆ ಕೀಳಬೇಕು ಎಂದರು. ರೂಪೇಶನಿಗೆ ಸಿಟ್ಟೂ ಬಂತು, ನಗುವೂ ಬಂತು. ಮೊಳೆ ಹೊಡೆಯುವ ಮೊದಲು ಹೇಳಲು ನಿನಗೆ ಬಾಯಿರಲಿಲ್ಲವೇ, ಉಗುರೆಲ್ಲಾ ಅದೇ ಬಾಯಿಂದ ತಿಂದು ಮುಗಿಸಿದೆಯಲ್ಲ ಎಂದು ಗೊಣಗುತ್ತ ಸಲಾಕೆ ತಂದ.

ವಿಚಿತ್ರವೆಂದರೆ, ಬೇಡವೆಂದವರು ಅಜ್ಜಿ. ಅಡುಗೆಮನೆಯಿಂದ ಬಂದವರೇ ಪೆಟ್ಟಿಗೆಗೆ ಅಡ್ಡ ನಿಂತರು. "ನಾಲ್ಕು ಬೀಜಕ್ಕೆ ಯಾಕ್ರೀ ಇಷ್ಟೊಂದು ರಾದ್ಧಾಂತ? ಮಗು ಏನೋ ಇಟ್ಟಿದೆ. ಯಾರ್ ಹುಡುಕ್ತಾರೆ ಅಲ್ಲಿ?"

ತನಗೆ ಬೈಗುಳ ತಪ್ಪಿಸಲು ಅಜ್ಜಿ ಹೀಗೆ ಹೇಳುತ್ತಿದ್ದಾರೆಂದು ರಂಜಿನಿ ಅಂದುಕೊಂಡಳು. "ಬೇಡ ಅಜ್ಜಿ, ತೆಗೀಲಿ," ಎಂದು ಅವರ ಕೈ ಹಿಡಿದು ಈಚೆಗೆ ಎಳೆದಳು. ಆ ಕೈ ತಣ್ಣಗಿತ್ತು.

ಮೊಳೆಗಳು ಕಿರುಗುಟ್ಟುತ್ತ ಮೇಲೆದ್ದವು. ರೂಪೇಶ್ ಜಮಖಾನವನ್ನು ಬಿಡಿಸಿ, ಪೌಚನ್ನು ತೆಗೆದು ರಂಜಿನಿಯ ಕೈಗೆ ಹಾಕಿದ. ಇನ್ನೇನಾದರೂ ಇದೆಯೇ ನೋಡಿಬಿಡೋಣ ಎಂದು ಕೆಳಗಿನ ಕಂಬಳಿಯನ್ನೂ ಎತ್ತಿ ಕೊಡವಿದ.

ಟಪ್ ಎಂದು ಒಂದು ಗಂಟು ಬಿತ್ತು. ಇನ್ನೊಂದು ಬಿತ್ತು. ಹಳೆಯ ಸೀರೆಯ ತುಂಡುಗಳಲ್ಲಿ ಕಟ್ಟಿದ ಪುಟ್ಟ ಪುಟ್ಟ ಗಂಟುಗಳು ನೆಲದ ಮೇಲೆಲ್ಲ ಉರುಳಿದವು. ಒಂದು ಬಿಚ್ಚಿಕೊಂಡು ಬೂದಿ ಚೆಲ್ಲಿತು. ಹುಳ ಹಿಡಿಯದಂತೆ ಬೂದಿಯಲ್ಲಿ ಹೊರಳಿಸಿದ ಅವರೆ ಬೀಜ. ಮತ್ತೊಂದರಲ್ಲಿ ಬಸಳೆ, ಇನ್ನೊಂದರಲ್ಲಿ ಸೋರೆ.

ರೂಪೇಶ್ ನೀರು ಕುಡಿದು ಬರುತ್ತೇನೆಂದು ಹಿತ್ತಿಲಿಗೆ ಹೋದ.

"ನಾನು ಸೈನ್ ಹಾಕುವಾಗ ನೀನು ಪಕ್ಕದಲ್ಲೇ ನಿಂತಿದ್ದೆ," ಎಂದರು ಅಜ್ಜ, ಮೆಲ್ಲಗೆ.

"ನಿಂತಿದ್ದೆ." ಅಜ್ಜಿ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. "ಅಲ್ಲಿ ನನಗೆ ಗೊತ್ತಿರೋದು ಏನಿದೆ, ಹೇಳಿ? ಮಾತು ಬರಲ್ಲ. ಬೀದಿ ಗೊತ್ತಿಲ್ಲ. ಕೈಗೆ ಗೊತ್ತಿರೋದು ಒಂದಾದ್ರೂ ಇರಲಿ ಅಂತ."

ಅಜ್ಜ ಕೆಮ್ಮಿದರು. ಆಮೇಲೆ ಮೊಣಕಾಲೂರಿ, ಒಂದೊಂದೇ ಗಂಟನ್ನು ಆರಿಸಿ ಅಜ್ಜಿಯ ಮಡಿಲಿಗೆ ಹಾಕತೊಡಗಿದರು. ಭಯವಾಗುತ್ತದೆ ಎಂದು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಅಷ್ಟು ಖುಷಿಯಲ್ಲಿ ಮೈಸೂರುಪಾಕು ಹಂಚುವಾಗ ಹೇಗೆ ಹೇಳಲಿ ಎಂದರು ಅಜ್ಜಿ. ಹೋಗುವುದು ಬೇಡವೇ ಎಂದು ಅಜ್ಜ ಕೇಳಿದಾಗ ಅಜ್ಜಿ ಅವರ ಎದೆಯ ಕಡೆ ನೋಡಿ, ಹಾಗೆ ತಾನು ಹೇಳಿಲ್ಲ ಎಂದರು.

ಲಾರಿ ಬಂತು. ರೂಪೇಶ್ ಮತ್ತೆ ಮೊಳೆ ಹೊಡೆದ. ಬೀಜದ ಗಂಟುಗಳು ಪಕ್ಕದ ಮನೆಯ ಪುಷ್ಪಮ್ಮನ ಸೆರಗಿಗೆ ಹೋದವು. ಯಾವುದನ್ನು ಯಾವ ತಿಂಗಳು ಹಾಕಬೇಕೆಂದು ಅಜ್ಜಿ ಬೇಲಿಯ ಮೇಲಿಂದಲೇ ಬಹಳ ಹೊತ್ತು ಹೇಳಿದರು. ಪೆಟ್ಟಿಗೆಗಳು ಲಾರಿ ಏರಿದವು. ಸುಂಕ, ರಸೀದಿ ಎನ್ನುತ್ತ ಅಜ್ಜ ಅದರ ಹಿಂದೆಯೇ ಬೀದಿಯ ತುದಿಯವರೆಗೆ ನಡೆದುಹೋದರು.

ಒಳಗೆ ಅಜ್ಜಿ ನಡುಮನೆಯ ಮಧ್ಯೆ ನಿಂತಿದ್ದರು. ಎಲ್ಲಿ ಕೂರಬೇಕೆಂದೇ ಅವರಿಗೆ ತಿಳಿಯದಂತಿತ್ತು. ರಂಜಿನಿ ಚಾಪೆ ಹುಡುಕಿ ತಂದು ಹಾಸಿದಳು. ಅಜ್ಜಿ ಕೂತರು. ಅವಳೂ ಒತ್ತಿಕೊಂಡು ಕೂತಳು. ಇಷ್ಟು ದಿನ ಭಯವಿದ್ದದ್ದು ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು.

"ಅಲ್ಲಿ ಮೊದಲನೇ ದಿನ ಏನ್ ಅಡುಗೆ ಮಾಡ್ತೀಯ ಅಜ್ಜಿ?"

"ಯಾರಿಗೆ ಗೊತ್ತು ಪುಟ್ಟಿ. ಒಲೆ ಯಾವ ಮೂಲೇಲಿದೆ ಅಂತಾನೂ ಗೊತ್ತಿಲ್ಲ."

ರಂಜಿನಿ ಚಾಪೆಯ ಅಂಚಿನ ಒಂದು ಎಳೆಯನ್ನು ಎಳೆದಳು.

"ನಾನು ಆಲ್ಕೊಳದ ಸ್ಕೂಲಿಗೆ ಸೇರಿದ ದಿನ ನಲ್ಲಿ ಎಲ್ಲಿದೆ ಅಂತ ಗೊತ್ತಿರಲಿಲ್ಲ ಅಜ್ಜಿ. ಯಾರನ್ನೂ ಕೇಳಲಿಲ್ಲ. ಸಂಜೆವರೆಗೂ ನೀರೇ ಕುಡೀಲಿಲ್ಲ."

"ಅಯ್ಯೋ ನನ್ನ ಕಂದ. ಆಮೇಲೆ?"

"ಮಾರನೇ ದಿನ ನಮ್ಮ ಕ್ಲಾಸಿನ ವಿದ್ಯಾಶ್ರೀ ಬಂದು ತೋರಿಸಿದ್ಲು. ಬಾ ಅಂತ ಅಷ್ಟೇ ಹೇಳಿದ್ದು."

ಅಜ್ಜಿ ಅವಳ ಮುಖವನ್ನೇ ನೋಡಿದರು.

"ಮೊದಲನೇ ದಿನ ಒಂದೇ ಕಷ್ಟ ಅಜ್ಜಿ," ಎಂದು ರಂಜಿನಿ ಅವರ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. "ನನ್ನ ಹಾಗೆ ಇರಬೇಡ, ಯಾರನ್ನಾದ್ರೂ ಕೇಳಿ ನೀರು ಕುಡಿ."