ಅರ್ಧ ಡಿಗ್ರಿ ಚಂದ್ರ

“ಅಜ್ಜೀ, ಅಲ್ಲಾಡ್ಬೇಡ. ಇನ್ನೊಂಚೂರು ಬಗ್ಗು.”

“ಇನ್ನೆಷ್ಟವ್ವ ಬಗ್ಗಲಿ? ಸೊಂಟ ಕಳಚ್ಕೊಂಡ್ರೆ ನಿಮ್ಮ ಮೇಷ್ಟ್ರು ಜೋಡಿಸ್ತಾರಾ?” ಎಂದರು ಹೊಂಬಾಳಮ್ಮ.

ಟೆಲಿಸ್ಕೋಪ್ ಹಿಡಿದಿದ್ದ ಮೋಹನ್‌ಕುಮಾರ್ ಮೇಷ್ಟ್ರು ನಕ್ಕರು. ಮೊಮ್ಮಗಳು ಸ್ವರ್ಣಲತಾ ನಗಲಿಲ್ಲ.

ಯುಗಾದಿಯ ಮಾರನೆಯ ದಿನ, ಸಂಜೆ ಆರೂ ಮುಕ್ಕಾಲು. ಹೊಸ ಚಂದ್ರನನ್ನು ನೋಡಲು ಗುಬ್ಬಿಯ ಆ ಬೀದಿಯವರೆಲ್ಲ ತಾರಸಿ ಹತ್ತಿದ್ದರು. ಪ್ರತಿ ವರ್ಷ ಅವನನ್ನು ಮೊದಲು ಹುಡುಕಿ ಕೂಗಿ ಹೇಳುತ್ತಿದ್ದವರು ಹೊಂಬಾಳಮ್ಮ. ಈ ಸಲ ಆಗಲಿಲ್ಲ. ಗ್ಲಾಕೋಮಾ ಅವರ ನೋಟವನ್ನು ಅಂಚಿನಿಂದ ತಿನ್ನುತ್ತ ಬಂದು, ನಡುವೆ ಒಂದು ಚೂರು ಉಳಿಸಿತ್ತು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಾಗದು ಎಂದಿದ್ದರು ತುಮಕೂರಿನ ಡಾಕ್ಟರ್.

ಮುಂದಿನ ಯುಗಾದಿಗೆ ಅಜ್ಜಿಗೆ ಚಂದ್ರ ಕಾಣದೆ ಹೋದರೆ? ಅದಕ್ಕೇ ಆರನೇ ಕ್ಲಾಸಿನ ಸ್ವರ್ಣಲತಾ ಮೇಷ್ಟ್ರನ್ನು ಕಾಡಿ ಶಾಲೆಯ ಟೆಲಿಸ್ಕೋಪ್ ತರಿಸಿದ್ದಳು.

“ಏನ್ ಕಾಣ್ತದೆ?”

“ಬೆಳ್ಳಗೆ ಒಂದು ಗೆರೆ. ತುದಿನೂ ಇಲ್ಲ, ಬುಡನೂ ಇಲ್ಲ.”

“ತಾಳು, ಇನ್ನೂ ದೊಡ್ಡದು ಮಾಡ್ತೀನಿ.” ಅವಳು ಕಣ್ಣಿಡುವ ತುದಿಯ ಮಸೂರವನ್ನು, ಐಪೀಸನ್ನು, ಬದಲಾಯಿಸಿದಳು. “ಈಗ?”

“ಮೊದಲು ಒಸಿ ಬಾಗಿತ್ತು. ಈಗ ಗೋಡೆಗೆ ಸುಣ್ಣದ ಪಟ್ಟೆ ಎಳೆದಂಗೈತೆ. ಚಂದ್ರ ಅಂತ ನೀ ಅಂದ್ರೆ ಚಂದ್ರ, ಬುಡು.”

ಸ್ವರ್ಣಲತಾ ಮೇಷ್ಟ್ರ ಕಡೆ ತಿರುಗಿದಳು. “ಸರ್, ದೊಡ್ಡದಾದಷ್ಟೂ ಯಾಕೆ ಕಾಣ್ತಿಲ್ಲ?”

“ಆಕಾಶದಲ್ಲಿ ಚಂದ್ರ ಅರ್ಧ ಡಿಗ್ರಿ ಅಗಲ,” ಎಂದರು ಮೇಷ್ಟ್ರು. “ಈ ಕೊಳವೆ ಒಳಗೆ ಅವನ ಬಿಂಬ ಆರು ಮಿಲಿಮೀಟರ್, ತೊಗರಿಕಾಳಿನಷ್ಟು. ಅದನ್ನ ಮೊದಲ್ನೇ ಐಪೀಸ್ ಹದಿನಾಲ್ಕು ಡಿಗ್ರಿಗೆ ಹಿಗ್ಗಿಸ್ತು. ಇದು ಮೂವತ್ತೈದಕ್ಕೆ. ಅಜ್ಜಿಗೆ ಎಷ್ಟು ಡಿಗ್ರಿ ನೋಟ ಉಳಿದಿದೆ ಅಂದ್ರು ಡಾಕ್ಟರ್?”

“ಹತ್ತು.” ಅವಳ ದನಿ ಸಣ್ಣದಾಯಿತು.

“ಹದಿನಾಲ್ಕೇ ಅದರೊಳಗೆ ಹಿಡಿಸಲ್ಲ, ಮೂವತ್ತೈದು ಹೇಗೆ ಹಿಡಿಸೀತು? ಬರಿಗಣ್ಣಿಗಾದ್ರೆ ಅರ್ಧವೇ,” ಎಂದು ಮೇಷ್ಟ್ರು ಟೆಲಿಸ್ಕೋಪನ್ನು ಪಕ್ಕಕ್ಕೆ ಸರಿಸಿದರು.

ಸ್ವರ್ಣಲತಾ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಎರಡು ಕೆನ್ನೆಗಳನ್ನೂ ಹಿಡಿದು ಮುಖವನ್ನು ಪಡುವಣಕ್ಕೆ ಮೆಲ್ಲಗೆ ತಿರುಗಿಸಿದಳು. ಇನ್ನೊಂಚೂರು ಎಡಕ್ಕೆ. ಮೇಲಕ್ಕೆ. ಅಜ್ಜಿಯ ಕೆನ್ನೆ ಅವಳ ಅಂಗೈಯಲ್ಲಿ ತಟ್ಟನೆ ನಿಂತಿತು.

“ಐತೆ,” ಎಂದರು ಹೊಂಬಾಳಮ್ಮ. “ಎರಡು ಕೊಂಬೂ ಅವೆ.”

ಸ್ವರ್ಣಲತಾ ಕೈ ತೆಗೆದು ಪಕ್ಕದಲ್ಲೇ ಕೂತಳು. ಅಜ್ಜಿ ಬಹಳ ಹೊತ್ತು ಕದಲದೆ ನೋಡಿದರು.

“ಕೆಳಗೆ ಹೋದ್ಯೇನವ್ವ? ಎಲ್ಲಿದೀಯ?”

“ಇಲ್ಲೇ ಇದೀನಿ, ಅಜ್ಜಿ.”

ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಇದ್ದಳು. ಅವಳು ಮುಷ್ಟಿಯಲ್ಲಿ ಸಣ್ಣ ತೂತು ಬಿಟ್ಟು ಒಂದು ಕಣ್ಣಿಗೆ ಹಿಡಿದಳು, ಇನ್ನೊಂದನ್ನು ಮುಚ್ಚಿದಳು. ಚಂದ್ರ ಪೂರ್ತಿ ಕಂಡ. ಬೀದಿ ಕಾಣಲಿಲ್ಲ. ಮೇಷ್ಟ್ರು ಕಾಣಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೂ ಕಾಣಲಿಲ್ಲ.

ಚಂದ್ರ ನೀರಿನ ಟ್ಯಾಂಕಿನ ಹಿಂದೆ ಇಳಿಯುವವರೆಗೂ ಅವಳು ಕಾದಳು. ಆಮೇಲೆ ಎದ್ದು, ಅಜ್ಜಿಯ ಎದುರಿಗೆ ಹೋಗಿ ಕೂತಳು.