ಕಿತ್ತಳೆ ಮೇಲಂಗಿ ದಾಟಿದ ಮೇಲೆ

ಸೆಪ್ಟೆಂಬರ್ ಹನ್ನೆರಡು, ಮಧ್ಯಾಹ್ನ ಒಂದೂವರೆ. ಬೆಟ್ಟದ ಬುಡದ ಠಾಣೆಯಲ್ಲಿ ಫೋನು ಬಡಿದುಕೊಂಡಾಗ ಎತ್ತಿದವರು ಮೀಸೆ ಹೆಡ್ಡು. ಹೆಡ್ ಕಾನ್‌ಸ್ಟೇಬಲ್ ಮೀಸೆ ಬೋಳಿಸಿ ಎರಡು ವರ್ಷವಾಗಿತ್ತು. ಹೆಸರನ್ನು ಬೋಳಿಸುವ ಕ್ಷೌರಿಕ ಇನ್ನೂ ಸಿಕ್ಕಿರಲಿಲ್ಲ.

ಆ ಕಡೆಯಿಂದ ಹೆಣ್ಣುದನಿ. ಗಂಡನಿಗೆ ಫೋಟೋ ಸ್ಟುಡಿಯೋ ಇದೆ, ವರ್ಷಕ್ಕೊಮ್ಮೆ ಗೆಳೆಯರ ಜೊತೆ ಮೋಟಾರ್ ಬೈಕಿನಲ್ಲಿ ಬೆಟ್ಟ ಹತ್ತುತ್ತಾರೆ, ಒಂದೊಂದು ಘಾಟಿಯ ನೆತ್ತಿ ಮುಟ್ಟಿದಾಗಲೂ ಅಲ್ಲಿಂದಲೇ ಫೋನು ಮಾಡುತ್ತಾರೆ, ಇವತ್ತು ಹತ್ತು ಗಂಟೆಗೆ ಬರಬೇಕಾದ ಫೋನು ಬಂದಿಲ್ಲ ಎಂದಳು. ಜೊತೆಯವರನ್ನು ಕೇಳಿದಿರಾ ಎಂದರು ಹೆಡ್ಡು.

"ನಮ್ಮಣ್ಣನೇ ಜೊತೆಗಿದ್ದಾನೆ ಸರ್. ಮುಂದೆ ಹೋಗಿರಬೇಕು, ಗಾಬರಿ ಬೇಡ ಅಂತಾನೆ. ಅಣ್ಣ ಯಾವಾಗ್ಲೂ ಎಲ್ಲರಿಗಿಂತ ಕೊನೇಲಿ ಬರ್ತಾನೆ. ಅವನು ಹಿಂದೆ ಇದ್ದಾನೆ ಅನ್ನೋ ಧೈರ್ಯದ ಮೇಲೇ ನಾನು ಇವರನ್ನ ಕಳಿಸೋದು."

ಇನ್‌ಸ್ಪೆಕ್ಟರು ದೂರನ್ನು ಬರೆಸಿ, ಅವಳಿಗೇ ಓದಿ ಹೇಳಿಸಿ, ಎಫ್‌ಐಆರ್ ಹಾಕಿಸಿದರು. ಸಹಿ ಆಮೇಲೆ ಬಂದರೂ ನಡೆಯುತ್ತದೆ, ಚಳಿ ಹಾಗೆ ಕಾಯುವುದಿಲ್ಲ ಎಂದರು. ಆ ಎತ್ತರದಲ್ಲಿ ಹೊತ್ತು ಮುಳುಗಿದ ಮೇಲೆ ಬಯಲಲ್ಲಿ ಬಿದ್ದವನು ಬೆಳಗು ಕಾಣುವುದಿಲ್ಲ. ಸೂರ್ಯಾಸ್ತ ಆರೂಕಾಲಿಗೆ.

ನೆತ್ತಿ ದಾಟಿ ಈಚೆಗೆ ಇಳಿದ ಗುಂಪು ಕೆಳಗಿನ ಲಾಡ್ಜಿನಲ್ಲಿತ್ತು. ಹೊರಟದ್ದು ಒಂಬತ್ತು ಬೈಕು, ಅಂಗಳದಲ್ಲಿ ನಿಂತದ್ದು ಎಂಟು. ಯಾರೂ ಕೂತಿರಲಿಲ್ಲ. ಒಬ್ಬ ಕೈಗವಸು ಹಾಕುವುದು, ಬಿಚ್ಚುವುದು. ಇನ್ನೊಬ್ಬ ಗೇಟಿನ ತನಕ ಹೋಗಿ ರಸ್ತೆ ನೋಡಿ ವಾಪಸು ಬರುವುದು. ಎಲ್ಲರನ್ನೂ ಕರೆದುಕೊಂಡು ಹೋಗುವ ಕ್ಯಾಪ್ಟನ್ ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಅವನ ಬಾಯಿ ಮಾತ್ರ ನಿಂತಿರಲಿಲ್ಲ.

ನೆತ್ತಿಯಲ್ಲಿ ದಟ್ಟ ಮಂಜು, ಮಾರು ದೂರ ಕಾಣುತ್ತಿರಲಿಲ್ಲ. ಸ್ಟುಡಿಯೋದವನು ಅಲ್ಲಿ ನಿಲ್ಲದೆ ಕೈಬೀಸಿ ನೇರ ಇಳಿದು ಹೋದನಂತೆ. ನೋಡಿದ್ದು ಯಾರು ಎಂದರೆ ಬಾಲಂಗೋಚಿ.

ಬಾಲಂಗೋಚಿ ಎಂದರೆ ಫೋನು ಮಾಡಿದವಳ ಅಣ್ಣ. ಶಾಲೆ ಸಮವಸ್ತ್ರ ಹೊಲಿಯುವ ದರ್ಜಿ, ನಲವತ್ತೈದು ವಯಸ್ಸು, ಸಣಕಲು ಮೈ. ಹನ್ನೊಂದು ವರ್ಷದಿಂದ ಸಾಲಿನ ಕೊನೆಯ ಬೈಕು ಅವನದೇ. ಮೈಮೇಲೆ ತಾನೇ ಹೊಲಿದುಕೊಂಡ ಕಿತ್ತಳೆ ಬಣ್ಣದ ಮೇಲಂಗಿ.

"ನೆತ್ತಿ ದಾಟಿ ಇಳಿದದ್ದನ್ನ ಕಣ್ಣಾರೆ ನೋಡಿದ್ರಾ?"

"ನೋಡಿದೆ ಸರ್. ನಿನ್ನೆ ರಾತ್ರಿ ಸ್ವಲ್ಪ ಮಾತಾಗಿತ್ತು. ಆ ಸಿಟ್ಟಿಗೆ ನಿಲ್ಲಲಿಲ್ಲ."

ಹೇಳಿಕೆ ಬರೆಸಿ ಸಹಿ ಹಾಕಿದ. ಹುಡುಕಾಟವೆಲ್ಲ ನೆತ್ತಿಯಿಂದ ಕೆಳಗಿನ ದಾರಿಗೆ ಹರಿಯಿತು. ತಿರುವು ತಿರುವಿಗೂ ಇಳಿದು ಪ್ರಪಾತಕ್ಕೆ ಬಗ್ಗಿ ಕೂಗಿದರು. ಮಹಿಳಾ ಪೇದೆಯ ಗಂಟಲು ಕಟ್ಟಿತು. ಕಲ್ಲು ಒಡೆಯುವವರನ್ನು, ಲಾರಿ ಚಾಲಕರನ್ನು, ಟೀ ಅಂಗಡಿಯ ಅಜ್ಜಿಯನ್ನು ಕೇಳಿದ್ದಾಯಿತು. ಒಂಟಿ ಬೈಕು ಕಂಡವರು ಒಬ್ಬರೂ ಇಲ್ಲ. ಈ ದಾರಿಯಲ್ಲಿ ನೊಣ ಹಾರಿದರೂ ಗಂಡೋ ಹೆಣ್ಣೋ ಹೇಳ್ತೀನಿ, ಹೋದದ್ದು ಒಂದೇ ಗುಂಪು ಎಂದಳು ಅಜ್ಜಿ. ಆಗಲೇ ನಾಲ್ಕು ಗಂಟೆ.

ಇನ್‌ಸ್ಪೆಕ್ಟರು ಜೀಪು ತಿರುಗಿಸಿ ಲಾಡ್ಜಿಗೆ ಬಂದರು. ನೆತ್ತಿಯಿಂದ ಈಚೆಗೆ ಆದದ್ದು ಬೇಡ, ಹತ್ತುವಾಗ ಹೇಗೆ ಹತ್ತಿದಿರಿ ಅದನ್ನು ಹೇಳಿ ಎಂದು ಕ್ಯಾಪ್ಟನ್ನನ ಎದುರು ಕೂತರು. ಅವನು ತನ್ನ ಗುಂಪಿನ ಕಟ್ಟಳೆಗಳನ್ನು ವಿದ್ಯಾರ್ಥಿಗೆ ಹೇಳುವಂತೆ ಹೇಳಿದ. ಪ್ರತಿಯೊಬ್ಬನೂ ಹಿಂದಿನವನ ದೀಪವನ್ನು ಕನ್ನಡಿಯಲ್ಲಿ ಇಟ್ಟುಕೊಂಡೇ ಓಡಿಸಬೇಕು. ದಾರಿ ಕವಲೊಡೆದಲ್ಲಿ ಎರಡನೆಯವನು ಇಳಿದು, ತಿರುಗಬೇಕಾದ ಕಡೆಗೆ ಕೈತೋರಿಸಿ ನಿಲ್ಲಬೇಕು. ಕಿತ್ತಳೆ ಮೇಲಂಗಿ ಬಂತೆಂದರೆ ಎಲ್ಲರೂ ಬಂದರೆಂದು ಲೆಕ್ಕ, ಅವನೂ ಹೊರಡಬಹುದು. ಕವಲಿನಲ್ಲಿ ಯಾರೂ ನಿಂತಿಲ್ಲವೆಂದರೆ ನೇರ ಹೋಗಬೇಕು. ಇನ್ನು ಬಾಲ ಮಾತ್ರ ಯಾರನ್ನೂ ದಾಟುವ ಹಾಗಿಲ್ಲ. ಮುಂದಿನವನು ಉಚ್ಚೆಗೆ ನಿಂತರೂ ಬಾಲವೂ ನಿಲ್ಲಬೇಕು.

"ಇವತ್ತು ಕವಲಲ್ಲಿ ನಿಂತವರು ಯಾರು?"

ಕನ್ನಡಕದ ಅಂಗಡಿಯವನು ಕೈಯೆತ್ತಿದ.

"ಸ್ಟುಡಿಯೋದವರು ನಿಮ್ಮನ್ನ ದಾಟಿದ್ರಾ?"

"ದಾಟಿರಬೇಕು ಸರ್."

"ನೋಡಿದ್ರಾ?"

"ಮಂಜು ಸರ್. ಎಲ್ಲರದೂ ಒಂದೇ ಥರ ಹೆಲ್ಮೆಟ್ಟು. ನಾನು ತಲೆ ಎಣಿಸಲ್ಲ, ಕಿತ್ತಳೆ ಬಣ್ಣ ನೋಡ್ತೀನಿ. ಅದು ಬಂತು, ನಾನೂ ಹೊರಟೆ."

ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡೋರು ನೀವು ಎಂದು ಹೆಡ್ಡು ಗೊಣಗಿದರು. ಇನ್‌ಸ್ಪೆಕ್ಟರು ಅವರತ್ತ ಒಮ್ಮೆ ನೋಡಿ, ಸ್ಟುಡಿಯೋದವನ ಮುಂದೆ ಯಾರಿದ್ದರು ಎಂದು ಕೇಳಿದರು. ಬೇಕರಿಯವನಂತೆ. ದಪ್ಪ ಮನುಷ್ಯ, ಆಗಲೇ ಅತ್ತು ಮೂಗು ಕೆಂಪಾಗಿತ್ತು. ಕವಲಿಗೆ ಮುಂಚಿನ ಹೇರ್‌ಪಿನ್ ತಿರುವಿನಲ್ಲಿ ಹಿಂದಿನ ದೀಪ ಒಂದು ಗಳಿಗೆ ಮಾಯವಾಯಿತು, ಆಮೇಲೆ ಮತ್ತೆ ಬಂತು, ಬಂತಲ್ಲ ಎಂದು ತಾನೂ ನಿಶ್ಚಿಂತೆಯಾಗಿ ಓಡಿಸಿದೆ ಎಂದ.

"ಮತ್ತೆ ಬಂದದ್ದು ಯಾವ ಬಣ್ಣದ ದೀಪ?"

ಬೇಕರಿಯವನು ಮೂಗು ಒರೆಸಿಕೊಂಡ. ಆ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ. "ಹಳದಿ ಸರ್."

ಇನ್‌ಸ್ಪೆಕ್ಟರು ಎದ್ದು ಅಂಗಳಕ್ಕೆ ಬಂದು ಎಂಟೂ ಬೈಕಿನ ದೀಪ ಹಾಕಿಸಿದರು. ಏಳು ಬಿಳಿ. ಗೋಡೆಯ ಪಕ್ಕದ್ದೊಂದು, ಹಳೇ ಮಾದರಿಯದು, ಹಳದಿ. ಸ್ಟುಡಿಯೋದವನು ಈ ವರ್ಷ ಜೋಡಿ ಬಿಳಿ ದೀಪ ಹಾಕಿಸಿದ್ದ ಎಂದು ಕ್ಯಾಪ್ಟನ್ ತಾನಾಗಿಯೇ ಹೇಳಿದ. ಹೇಳುತ್ತ ಹೇಳುತ್ತ ಅವನ ಮಾತು ಆ ದಿನ ಮೊದಲ ಸಲ ನಿಂತಿತು. ಎಲ್ಲರೂ ದರ್ಜಿಯ ಕಡೆ ತಿರುಗಿದರು.

"ಬಾಲ ಬೇಕರಿಯವರ ಹಿಂದೆ ಹೇಗೆ ಬಂತು?" ಎಂದರು ಇನ್‌ಸ್ಪೆಕ್ಟರು. ಗದರಲಿಲ್ಲ. "ಹೊತ್ತು ಮುಳುಗೋಕೆ ಎರಡು ಗಂಟೆ ಇದೆ. ನಿಮ್ಮ ಮೇಲಿನ ಕೇಸು ಆಮೇಲೆ. ಅವನನ್ನ ಎಲ್ಲಿ ಬಿಟ್ರಿ?"

ದರ್ಜಿ ತನ್ನ ಬೆರಳುಗಳನ್ನು ನೋಡಿಕೊಂಡ. "ಹೇರ್‌ಪಿನ್ ತಿರುವಲ್ಲಿ ಹೆಲ್ಮೆಟ್ ಗಾಜು ಒರೆಸ್ತಾ ನಿಂತಿದ್ದ. ನಾನು ನಿಲ್ಲಿಸದೆ ದಾಟಿ ಬಂದೆ. ನನ್ನ ಮೇಲಂಗಿ ನೋಡಿ ಕವಲಲ್ಲಿ ನಿಂತವರೂ ಹೊರಟ್ರು."

ನೆತ್ತಿಯ ಆಚೆ, ಹತ್ತುವ ಬದಿಯ ಕವಲಿನಲ್ಲಿ ಎಡಕ್ಕೆ ಹೊಸ ರಸ್ತೆ. ನೇರ ಹೋದರೆ ಹಳೇ ರಸ್ತೆ, ಮುಕ್ಕಾಲು ಮೈಲಿಗೆ ಕುಸಿದ ಸೇತುವೆ. ಅಡ್ಡಲಾಗಿ ಎರಡು ಡಾಂಬರು ಪೀಪಾಯಿ ಇರುತ್ತಿದ್ದವು. ಜೀಪು, ಅದರ ಹಿಂದೆ ಗುಂಪಿನ ಬೈಕುಗಳು ಅಲ್ಲಿಗೆ ಮುಟ್ಟಿದಾಗ ಪೀಪಾಯಿಗಳು ಬದಿಗೆ ಸರಿದಿದ್ದವು. ಬೆಳಿಗ್ಗೆ ಜಲ್ಲಿ ತುಂಬಲು ಬಂದ ಟಿಪ್ಪರಿನವರು ಸರಿಸಿ, ವಾಪಸು ಇಡುವುದನ್ನು ಮರೆತಿದ್ದರು. ಜೀಪಿನ ಹಿಂದೆ ಕೂತಿದ್ದ ದರ್ಜಿ ಅದನ್ನು ನೋಡಿ ಎದ್ದ ರಭಸಕ್ಕೆ ತಲೆ ಕಬ್ಬಿಣಕ್ಕೆ ಬಡಿಯಿತು. ಪೀಪಾಯಿ ಇತ್ತು ಸರ್, ಹೋದ ವರ್ಷ ಇತ್ತು ಎಂದು ಅದನ್ನೇ ಅಂದುಕೊಳ್ಳುತ್ತ ಬಂದ.

ಸೇತುವೆಯ ಮುರಿದ ಅಂಚಿನಲ್ಲಿ ಮಹಿಳಾ ಪೇದೆ ಎಲ್ಲರನ್ನೂ ಸುಮ್ಮನಿರಿಸಿದಳು. ಕೆಳಗಿನಿಂದ ಸಣ್ಣಗೆ ಟಕ್, ಟಕ್ ಸದ್ದು. ಎರಡಾಳು ಆಳದ ಬಂಡೆಗಳ ಸಂದಿಯಲ್ಲಿ ಮನುಷ್ಯ ಅಂಗಾತ ಬಿದ್ದಿದ್ದ. ಕೂಗುವ ಶಕ್ತಿ ಉಡುಗಿ, ಕಲ್ಲು ಹಿಡಿದು ತನ್ನ ಹೆಲ್ಮೆಟ್ಟನ್ನೇ ಕುಟ್ಟುತ್ತಿದ್ದ. ಹಗ್ಗ ಕಟ್ಟಿ ಮೇಲಕ್ಕೆತ್ತಿದಾಗ ಐದೂವರೆ. ಸೊಂಟ ಮುರಿದಿತ್ತು, ತುಟಿ ನೀಲಿಗಟ್ಟಿತ್ತು, ಜೀವ ಇತ್ತು. ಆಂಬುಲೆನ್ಸ್ ಹೋಯಿತು. ಹೆಡ್ಡು ಅಲ್ಲೇ ನಿಂತು ಬೇಕರಿಯವನನ್ನೂ ಕ್ಯಾಪ್ಟನ್ನನನ್ನೂ ಪಂಚರಾಗಿಸಿ ಪಂಚನಾಮೆ ಬರೆದರು. ಗಾಳಿಗೆ ಕಾಗದ ಹಾರದಂತೆ ಕನ್ನಡಕದವನು ನಾಲ್ಕೂ ಮೂಲೆ ಒತ್ತಿ ಹಿಡಿದುಕೊಂಡಿದ್ದ.

ಏಳು ಗಂಟೆಗೆ ಠಾಣೆಯಲ್ಲಿ ದರ್ಜಿ ಎಲ್ಲ ಹೇಳಿದ. ಅವನಿಗೆ ಮದುವೆಯಾಗಿಲ್ಲ, ತಂಗಿಯ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ವಾಸ. ಊಟದ ಮೇಜಿನ ಎದುರು ಗೋಡೆಯ ಮೇಲೆ ಹನ್ನೊಂದು ಫೋಟೋ, ಹನ್ನೊಂದು ನೆತ್ತಿ. ಒಂದರಲ್ಲೂ ಅವನಿಲ್ಲ. ಬಾಲ ಮೇಲೆ ಮುಟ್ಟುವಷ್ಟರಲ್ಲಿ ಫೋಟೋ ಮುಗಿದಿರುತ್ತದೆ, ಸ್ಟುಡಿಯೋದವನಿಗೆ ಬೆಳಕು ಹೋಗುವ ಅವಸರ. ಈ ಸಲ ಕಾಯಿರಿ ಎಂದು ನಿನ್ನೆ ಕೇಳಿಕೊಂಡಿದ್ದನಂತೆ. ನಮ್ಮ ಭಾವ ಬಂದಿದ್ದರು ಅನ್ನೋದಕ್ಕೆ ಪೆಟ್ರೋಲ್ ಬಂಕಿನವನೇ ಸಾಕ್ಷಿ ಬಿಡಿ ಎಂದಿದ್ದ ಅವನು. ಎಲ್ಲರೂ ನಕ್ಕರು. ದರ್ಜಿಯೂ ನಕ್ಕಿದ್ದ.

"ಪೀಪಾಯಿ ನೋಡಿ ತಿರುಗಿ ಬರ್ತಾನೆ ಅಂದ್ಕೊಂಡೆ. ಅರ್ಧ ಗಂಟೆ ತಡ ಆಗುತ್ತೆ, ಒಂದು ಸಲ ಅವನಿಲ್ಲದ ಫೋಟೋದಲ್ಲಿ ನಾನಿರ್ತೀನಿ ಅಂತ. ಅಷ್ಟೇ ಸರ್."

"ನೆತ್ತಿ ದಾಟಿ ಇಳಿದ ಅಂದದ್ದು ಯಾಕೆ?"

"ನೆತ್ತಿಯಲ್ಲಿ ಗುಂಪಿನವರು ಕೇಳಿದಾಗ ತಮಾಷೆಗೆ ಅಂದೆ. ಅವನು ಬರಲೇ ಇಲ್ಲ."

"ನಾವು ಮಧ್ಯಾಹ್ನವೆಲ್ಲ ತಪ್ಪು ದಾರೀಲಿ ಕೂಗ್ತಾ ಇದ್ವಿ. ಆಗ?"

"ಹೇಳಿದ್ರೆ ತಂಗಿಗೆ ಗೊತ್ತಾಗ್ತಿತ್ತು," ಎಂದ.

ಕೊಲೆಯಲ್ಲದ ನರಹತ್ಯೆಯ ಪ್ರಯತ್ನ, ಪೊಲೀಸರಿಗೆ ಸುಳ್ಳು ಮಾಹಿತಿ. ಏಳೂವರೆಗೆ ದಸ್ತಗಿರಿ. ಮೇಲಂಗಿಯನ್ನು ಬಿಚ್ಚಿಸಿ ಜಪ್ತಿ ಮಾಡಿದರು. ಒಳಗಿನ ಬನಿಯನ್ನಿನಲ್ಲಿ ಅವನು ನಡುಗುವುದನ್ನು ನೋಡಲಾರದೆ ಹೆಡ್ಡು ತಮ್ಮ ಕಂಬಳಿ ತಂದು ಹೊದಿಸಿದರು. ಇನ್ನು ಉಳಿದದ್ದು ಒಂದೇ ಕೆಲಸ. ದಸ್ತಗಿರಿಯಾದವನ ಮನೆಯವರಿಗೆ ತಿಳಿಸಬೇಕು, ಅದು ಕಾನೂನು.

"ಯಾರಿಗೆ ಹೇಳಲಿ?" ಎಂದರು ಇನ್‌ಸ್ಪೆಕ್ಟರು.

ಉತ್ತರದ ಅಗತ್ಯ ಇರಲಿಲ್ಲ. ಅವನಿಗಿದ್ದ ಒಂದೇ ಮನೆಯ ನಂಬರು ಮಧ್ಯಾಹ್ನದ ದೂರಿನಲ್ಲೇ ಇತ್ತು. ಇನ್‌ಸ್ಪೆಕ್ಟರು ತಾವೇ ಒತ್ತಿದರು. ಮೊದಲ ಗಂಟೆಗೇ ಅವಳು ಎತ್ತಿಕೊಂಡಳು. ಗಂಡ ಸಿಕ್ಕಿದ ಸುದ್ದಿ ತಿಳಿದು ಪಕ್ಕದ ಮನೆಯವರ ಕಾರಿನಲ್ಲಿ ಹೊರಟಿದ್ದಳು, ಹಿಂದೆ ಇಂಜಿನ್ನಿನ ಸದ್ದು. ಇವರು ಬಾಯಿ ತೆರೆಯುವ ಮೊದಲೇ ಅವಳೇ ಮಾತಾಡಿದಳು.

"ಸರ್, ಅಣ್ಣ ಅಲ್ಲೇ ಇದ್ದಾನಾ? ಫೋನ್ ಎತ್ತುತ್ತಿಲ್ಲ. ಅವನಿಗೊಂದು ಮಾತು ಹೇಳಿ ಸರ್, ಎಲ್ಲ ತನ್ನದೇ ತಪ್ಪು ಅಂತ ಊಟ ಬಿಟ್ಟು ಕೂತಿರ್ತಾನೆ. ಅವನು ಚಿಕ್ಕಂದಿನಿಂದ ಹಾಗೇ."

ಠಾಣೆ ಸಣ್ಣದು, ದನಿ ಬೆಂಚಿನವರೆಗೂ ಕೇಳುತ್ತಿತ್ತು. ದರ್ಜಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

"ಅಮ್ಮಾ," ಎಂದರು ಇನ್‌ಸ್ಪೆಕ್ಟರು, "ಕಾರು ಒಂದು ನಿಮಿಷ ಬದಿಗೆ ನಿಲ್ಲಿಸೋಕೆ ಹೇಳಿ."