ನದಿಯ ದಾರಿಯ ಇಪ್ಪತ್ತೈದು ನಿಮಿಷ

ಸೇಬಿನ ಶೆಡ್ಡಿನ ಗೋಡೆಯ ಮೇಲಿನ ಪಾಳಿ ಪಟ್ಟಿಯಲ್ಲಿ ಗುರುವಾರದ ಸಾಲಿನಿಂದ ನನ್ನ ಹೆಸರನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದರು. ಆಂಗಸ್ ನೋಡುವ ಮೊದಲೇ ನಾನೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ನಾನು ಚಹಾದ ಮಗ್ ಹಿಡಿದು ಒಳಗೆ ಬರುವಷ್ಟರಲ್ಲಿ ಅವನು ಪಟ್ಟಿಯ ಮುಂದೆ ನಿಂತಾಗಿತ್ತು.

"ಬ್ರಯೋನಿ, ಗುರುವಾರ ನಿನ್ನ ಹೆಸರು ಹೊಡೆದಿದಾರೆ ನೋಡು. ಡೆನೀಸ್‌ಗೆ ಕನ್ನಡಕ ಬದಲಾಯಿಸೋಕೆ ಹೇಳ್ಬೇಕು."

"ನಾನೇ ಕೇಳ್ಕೊಂಡೆ."

"ಈ ವಾರಕ್ಕಾ?"

"ಇನ್ಮೇಲೆ ಯಾವಾಗ್ಲೂ."

ಆಂಗಸ್‌ಗೆ ನೋವಾದರೆ ಮೊದಲು ಕಿವಿ ಕೆಂಪಾಗುತ್ತದೆ. ಮುಖ ಹಾಗೇ ಇರುತ್ತದೆ, ನಗುವೂ ಇರುತ್ತದೆ, ಕಿವಿಗಳು ಮಾತ್ರ ಗುಟ್ಟು ಬಿಟ್ಟುಕೊಡುತ್ತವೆ. ಅವನು ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ಫೋರ್ಕ್‌ಲಿಫ್ಟಿನ ಕಡೆ ಹೋದ. ಹಿಂದಿನ ಗುರುವಾರ ನಡೆದದ್ದನ್ನೂ ಈ ಕೆಂಪು ಗೆರೆಯನ್ನೂ ಸೇರಿಸಿ ಅವನು ಏನು ಲೆಕ್ಕ ಹಾಕಿದನೆಂದು ನನಗೆ ಗೊತ್ತಿತ್ತು. ಆ ಲೆಕ್ಕ ಪೂರ್ತಿ ತಪ್ಪು. ಆದರೆ ಸರಿಯಾದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಕೆಲಸಕ್ಕೆ ನನ್ನನ್ನು ಕರೆತಂದು ಮನೆಗೆ ಬಿಡುವವನು ಅವನೇ. ಹಿಂದಿನ ಗುರುವಾರ ವಾಪಸು ಬರುವಾಗ ದೋಣಿ ನಿಲ್ಲುವ ಜೆಟ್ಟಿಯ ಬಳಿ ಗಾಡಿ ನಿಲ್ಲಿಸಿದ್ದ. ಹ್ಯೂವನ್ ನದಿ ಚಹಾದ ಬಣ್ಣದಲ್ಲಿ ಸುಮ್ಮನೆ ಮಲಗಿತ್ತು, ಎರಡು ಕಪ್ಪು ಹಂಸಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವನು ನನ್ನ ಕೂದಲಿನಿಂದ ಒಂದು ಸೇಬಿನ ಎಲೆ ತೆಗೆದ. ತೆಗೆದದ್ದನ್ನು ಬಿಸಾಡದೆ ಅಂಗಿಯ ಜೇಬಿಗೆ ಹಾಕಿಕೊಂಡ. "ನಿನ್ನ ಒಂದು ಮಾತು ಕೇಳ್ಬೇಕು," ಅಂದ.

"ತಡ ಆಯ್ತು, ಹೋಗೋಣ," ಅಂದುಬಿಟ್ಟೆ ನಾನು.

ಏಕೆಂದರೆ ನನ್ನ ಚೀಲದಲ್ಲಿ ಆ ಪತ್ರವಿತ್ತು.

ನನ್ನನ್ನು ಸಾಕಿದವಳು ಅಜ್ಜಿ. ಎರಡು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಮಲಗಿಬಿಟ್ಟವು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಯಿತು. ಅವಳನ್ನು ಏಳಿಸುವವಳು, ಸ್ನಾನ ಮಾಡಿಸುವವಳು, ಮಲಗಿಸುವವಳು ನಾನು. ಅದಕ್ಕೆ ಸರ್ಕಾರ ಕೊಡುವ ಆರೈಕೆ ಭತ್ಯೆಯಲ್ಲಿ ನಮ್ಮಿಬ್ಬರ ಬದುಕು. ಹೊರಗೆ ಕೆಲಸ ಮಾಡಬಹುದು, ಆದರೆ ವಾರಕ್ಕೆ ಇಪ್ಪತ್ತೈದು ಗಂಟೆ ಮೀರಬಾರದು. ಸೇಬಿನ ಶೆಡ್ಡಿನಲ್ಲಿ ನನ್ನದು ನಾಲ್ಕು ಪಾಳಿ, ಇಪ್ಪತ್ತೆರಡು ಗಂಟೆ. ಅಷ್ಟು ಹೊತ್ತು ಪಕ್ಕದ ಮನೆಯ ಗ್ವೆನ್ ಬಂದು ಅಜ್ಜಿಯ ಬಳಿ ಕೂರುತ್ತಾಳೆ. ಮೂರು ಗಂಟೆ ಉಳಿತಾಯವಿದೆಯೆಂದು ನಾನು ನೆಮ್ಮದಿಯಾಗಿದ್ದೆ.

ಭತ್ಯೆ ಆಫೀಸಿನಿಂದ ಬಂದ ಆ ಪತ್ರದಲ್ಲಿ ಹೀಗಿತ್ತು: ಕೆಲಸದ ಗಂಟೆಗಳನ್ನು, ಹೋಗಿ ಬರುವ ಪ್ರಯಾಣದ ಸಮಯ ಸೇರಿಸಿ, ತಿಳಿಸಿ.

ಪ್ರಯಾಣ ಸೇರಿಸಿ. ನಾನು ಅದನ್ನು ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದೆ.

ಬೆಟ್ಟದ ದಾರಿಯಲ್ಲಿ ಮನೆಗೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತಿದ್ದೆವು, ಅಷ್ಟರ ಮಟ್ಟಿಗೆ ಎಲ್ಲ ಸರಿ. ಆದರೆ ಕಟಾವು ಶುರುವಾದಾಗಿನಿಂದ ವಾಪಸು ಬರುವಾಗ ಆಂಗಸ್ ನದಿಯ ದಾರಿ ಹಿಡಿಯುತ್ತಿದ್ದ. ಮೊದಲ ದಿನ ಬೆಟ್ಟದ ದಾರಿಯಲ್ಲಿ ಮರ ಬಿದ್ದಿದೆ ಅಂದ. ಎರಡನೇ ದಿನ ಆ ಮರ ಇನ್ನೂ ಎತ್ತಿಲ್ಲ ಅಂದ. ಮೂರನೇ ದಿನ ಅವನು ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ನದಿಯ ದಾರಿಗೆ ನಲವತ್ತೈದು ನಿಮಿಷ. ವಾರಕ್ಕೆ ನಾಲ್ಕು ಸಲ. ಹಾಗೆ ಕೂಡಿದರೆ ನನ್ನ ವಾರ ಇಪ್ಪತ್ತಾರು ಗಂಟೆ ಇಪ್ಪತ್ತು ನಿಮಿಷ. ಆರು ವಾರದಿಂದ.

ಭತ್ಯೆ ನಿಂತರೆ ಇಡೀ ದಿನದ ಕೆಲಸಕ್ಕೆ ಹೋಗಬೇಕು. ಹೋದರೆ ಅಜ್ಜಿ ಆಸ್ಪತ್ರೆಯ ಹಿಂದಿನ ವೃದ್ಧರ ಮನೆಗೆ ಹೋಗಬೇಕು. ಅಲ್ಲಿ ಕಿಟಕಿಗಳು ತೆರೆಯುವುದಿಲ್ಲ.

ಚಿಕ್ಕವಳಿದ್ದಾಗ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಊರ ಸೇತುವೆಯ ಕೆಳಗೆ ಒಬ್ಬ ಮುದುಕಿ ಇದ್ದಾಳೆ. ದಾಟುವವರ ಹೆಜ್ಜೆ ಎಣಿಸುವುದೇ ಅವಳ ಕೆಲಸ. ಮನೆ ಸೇರಲು ಬೇಕಾದದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚು ನಡೆದವರನ್ನು ಅವಳು ಕಾಲು ಹಿಡಿದು ಎಳೆದುಕೊಳ್ಳುತ್ತಾಳೆ. ಆಗ ನಾನು ಆ ಸೇತುವೆಯ ಮೇಲೆ ಕಣ್ಣು ಮುಚ್ಚಿ ಓಡುತ್ತಿದ್ದೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಈಗ ಮತ್ತೆ ಅವಳ ಬೆರಳು ಹಿಮ್ಮಡಿಗೆ ತಾಗುತ್ತಿದೆ ಅನ್ನಿಸುತ್ತಿತ್ತು.

ಅದಕ್ಕೇ ಡೆನೀಸ್ ಬಳಿ ಹೋಗಿ ಗುರುವಾರದ ಪಾಳಿ ಬೇಡ ಅಂದೆ.

"ಸೇಬು ಮರದಲ್ಲೇ ಕೊಳೀತಿದೆ, ಮಹಾರಾಣಿಗೆ ರಜೆ ಬೇಕಂತೆ," ಅಂದಳು ಡೆನೀಸ್. ಶೆಡ್ಡಿನ ಮೇಲ್ವಿಚಾರಕಿ ಅವಳು. ಬೈಯದೆ ಅವಳಿಗೆ ಸಹಿ ಹಾಕಲು ಬರುವುದಿಲ್ಲ. "ಈಗಿನ ಹುಡುಗೀರಿಗೆ ಮನೇಲಿ ಕೂತ್ರೂ ಸಂಬಳ ಬೇಕು." ಸೇಬು ಆರಿಸುವ ಬೆಲ್ಟಿನ ಸುತ್ತ ಇದ್ದವರೆಲ್ಲ ನಕ್ಕರು. ಪೆಟ್ಟಿಗೆ ಇಳಿಸುತ್ತಿದ್ದ ಆಂಗಸ್ ಕೂಡ, ಮಾತು ಯಾರದೆಂದು ಕೇಳಿಸಿಕೊಳ್ಳದೆ, ಎಲ್ಲರ ಜೊತೆ ನಕ್ಕ.

ಆ ನಗುವಿನ ನಂತರ ಅವನಿಗೆ ಹೇಗೆ ಹೇಳಲಿ?

ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗಿತ್ತು. ಮೂರು ಪಾಳಿಯಾದರೆ ನದಿಯ ದಾರಿ ಸೇರಿಸಿದರೂ ಇಪ್ಪತ್ತು ಗಂಟೆ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಬರಬಹುದಿತ್ತು, ಬೆಟ್ಟದ ದಾರಿಯಲ್ಲೇ ಬಿಡು ಅನ್ನಬಹುದಿತ್ತು. ನಾನು ಅದನ್ನೆಲ್ಲ ಬಿಟ್ಟು, ನದಿಯ ದಾರಿ ಉಳಿಸಿಕೊಳ್ಳಲು ಒಂದು ದಿನದ ಸಂಬಳವನ್ನೇ ಬಿಟ್ಟುಕೊಟ್ಟಿದ್ದೆ.

ಆಂಗಸ್ ಪಟ್ಟಿ ನೋಡಿದ ದಿನ ಸಂಜೆ ಅಜ್ಜಿಯ ಪಾದಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದೆ.

"ಆ ಉದ್ದ ಕಿವಿ ಹುಡುಗ ಇವತ್ತು ಹಾರ್ನ್ ಹೊಡೀಲಿಲ್ಲ," ಅಂದಳು.

"ಬಸ್ಸಲ್ಲಿ ಬಂದೆ."

"ಜಗಳಾನಾ?"

"ಇಲ್ಲ ಅಜ್ಜಿ. ಶುಕ್ರವಾರ ಎರಡು ಗಂಟೆಗೆ ಭತ್ಯೆ ಆಫೀಸಿನವರು ಫೋನ್ ಮಾಡ್ತಾರೆ." ಪತ್ರದ ವಿಷಯ ಹೇಳಿದೆ. ವೃದ್ಧರ ಮನೆಯ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಅವಳ ಬಲಗೈ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಸೇತುವೆ ಮುದುಕಿ ಕೈಯಿಂದ ಯಾರೂ ತಪ್ಪಿಸ್ಕೊಂಡೇ ಇಲ್ವಾ ಅಜ್ಜಿ?"

"ಒಬ್ಳು ತಪ್ಪಿಸ್ಕೊಂಡ್ಲು. ನಿಂಗೆ ಅಷ್ಟೊತ್ತಿಗೆ ಯಾವಾಗ್ಲೂ ನಿದ್ದೆ ಬಂದಿರ್ತಿತ್ತು." ಅಜ್ಜಿ ದಿಂಬಿಗೆ ಒರಗಿದಳು. "ಅವಳು ಓಡ್ಲಿಲ್ಲ. ಸೇತುವೆ ಮೇಲಿಂದ ಬಗ್ಗಿ, ಅಮ್ಮಾ, ನಂದು ಇಷ್ಟು ಹೆಜ್ಜೆ ಜಾಸ್ತಿ ಆಗಿದೆ ಅಂತ ತಾನೇ ಕೂಗಿ ಹೇಳಿದ್ಲು."

"ಆಮೇಲೆ?"

"ಮುದುಕಿನ ಅಲ್ಲೀವರೆಗೆ ಯಾರೂ ಮಾತಾಡ್ಸೇ ಇರ್ಲಿಲ್ಲ ಕಂದ."

ಶುಕ್ರವಾರ ಒಂದು ಗಂಟೆಗೆ ಪಾಳಿ ಮುಗಿಯಿತು. ನಮ್ಮ ಮನೆ ಬೆಟ್ಟದ ಮಡಿಲಲ್ಲಿದೆ, ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಶೆಡ್ಡಿನಲ್ಲಾದರೆ ಎಲ್ಲರಿಗೂ ಕೇಳಿಸುತ್ತದೆ. ಸಿಗ್ನಲ್ ಸಿಗುವ ಜೆಟ್ಟಿಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿ ಮಾತಾಡುವುದೆಂದು ಯೋಚಿಸಿದ್ದೆ. ಒಂದೂವರೆಯಾದರೂ ಬಸ್ಸು ಬರಲಿಲ್ಲ. ನಾನು ನಡೆಯಲು ಶುರು ಮಾಡಿದೆ, ಆಮೇಲೆ ಓಡಲು. ಫೋನ್ ಎತ್ತದಿದ್ದರೆ ಏನಾಗುತ್ತದೆಂದು ಪತ್ರದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಹಿಂದಿನಿಂದ ಆಂಗಸ್‌ನ ಗಾಡಿ ಬಂದು ನಿಂತಿತು.

"ಗಾಡಿ ಹತ್ತು. ಬೆಟ್ಟದ ದಾರೀಲೇ ಬಿಡ್ತೀನಿ. ಮಾತಾಡ್ಸಲ್ಲ."

"ಜೆಟ್ಟಿಗೆ ಬಿಡು."

ಅವನು ಹುಬ್ಬೇರಿಸಿದ, ಆದರೆ ಮಾತಾಡಿಸುವುದಿಲ್ಲ ಅಂದಿದ್ದನಲ್ಲ. ಸುಮ್ಮನೆ ಗೇರ್ ಹಾಕಿದ. ನಾವು ಜೆಟ್ಟಿ ಮುಟ್ಟಿದಾಗ ಎರಡಕ್ಕೆ ಮೂರು ನಿಮಿಷವಿತ್ತು. ನನ್ನ ಫೋನ್ ಹಿಂದಿನ ತಿಂಗಳು ಸೇಬು ತೊಳೆಯುವ ತೊಟ್ಟಿಗೆ ಬಿದ್ದು, ಅಂದಿನಿಂದ ಸ್ಪೀಕರಿನಲ್ಲಿ ಮಾತ್ರ ಕೇಳಿಸುತ್ತದೆ.

ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ನಂಬರ್ ಇರಲಿಲ್ಲ.

"ನಾನು ಇಳೀಲಾ?" ಅಂದ ಆಂಗಸ್. ನನ್ನ ಮುಖ ಏನು ಹೇಳುತ್ತಿತ್ತೋ, ಅವನ ಕೈ ಆಗಲೇ ಬಾಗಿಲಿನ ಮೇಲಿತ್ತು.

ಇಳಿ ಅನ್ನಬೇಕಾಗಿತ್ತು. "ಇರು," ಅಂದೆ. ನಾಚಿಕೆಗಿಂತ ಒಬ್ಬಳೇ ಇರುವ ಭಯ ದೊಡ್ಡದಾಗಿತ್ತು.

ಆ ಕಡೆ ಒಬ್ಬ ಹೆಂಗಸು, ನೆಗಡಿಯಾದ ದನಿ. ಹೆಸರು, ಹುಟ್ಟಿದ ದಿನ, ಅಜ್ಜಿಯ ಹೆಸರು ಕೇಳಿದಳು. ಭತ್ಯೆ ಎಂಬ ಮಾತು ಗಾಡಿಯ ಒಳಗೆಲ್ಲ ದೊಡ್ಡದಾಗಿ ಕೇಳಿಸಿತು. ನಾನು ಕಿಟಕಿಯ ಕಡೆ ತಿರುಗಿದೆ.

"ಕೆಲಸ ವಾರಕ್ಕೆ ಇಪ್ಪತ್ತೆರಡು ಗಂಟೆ ಅಂತಿದೆ. ಹೋಗೋಕೆ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಬರೋಕೂ ಅಷ್ಟೇನಾ?"

ಹೌದು ಅಂದರೆ ಮುಗಿಯುತ್ತಿತ್ತು. ಇಪ್ಪತ್ನಾಲ್ಕು ಗಂಟೆ ನಲವತ್ತು ನಿಮಿಷ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಮ್ಮಡಿ ತಣ್ಣಗಾಯಿತು. ನಾನು ಮನಸ್ಸಿನಲ್ಲೇ ಬಗ್ಗಿ ಸೇತುವೆಯ ಕೆಳಗೆ ನೋಡಿದೆ.

"ಇಲ್ಲ ಮೇಡಂ. ನಲವತ್ತೈದು. ಆರು ವಾರದಿಂದ. ಪ್ರಯಾಣಾನೂ ಸೇರುತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಒಂದು ಪಾಳಿ ಬಿಟ್ಟೆ, ಈ ವಾರದಿಂದ ಮೂರೇ."

"ಬರೋವಾಗ ಯಾಕೆ ಇಪ್ಪತ್ತೈದು ನಿಮಿಷ ಜಾಸ್ತಿ? ರಸ್ತೆ ಕೆಲಸ ಇದೆಯಾ?"

"ಇಲ್ಲ. ನದಿ ದಾರೀಲಿ ಬರ್ತೀವಿ."

"ಯಾಕೆ?"

ಹಂಸವೊಂದು ಕತ್ತು ನೀರಿನೊಳಗೆ ಇಳಿಸಿ ಎಷ್ಟೋ ಹೊತ್ತು ಮೇಲೆತ್ತಲಿಲ್ಲ.

"ಕರ್ಕೊಂಡು ಬರೋ ಹುಡುಗ ಆ ದಾರೀಲಿ ಬರ್ತಾನೆ. ನಾನು ಬೇಡ ಅನ್ನಲ್ಲ. ಬೇಡ ಅನ್ನೋಕೆ ಆಗ್ಲಿಲ್ಲ, ಅದಕ್ಕೇ ಪಾಳಿ ಬಿಟ್ಟೆ."

ಬಾಗಿಲಿನ ಮೇಲಿದ್ದ ಆಂಗಸ್‌ನ ಕೈ ಕೆಳಗಿಳಿಯಿತು. ಫೋನಿನ ಆ ಕಡೆ ಕೀಬೋರ್ಡಿನ ಟಪಟಪ ನಿಂತಿತು.

"ಇದು ಕೇಳ್ಲೇಬೇಕಾದ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಅವರು ನಿಮ್ಮ ಸಂಗಾತೀನಾ?"

"ಗೊತ್ತಿಲ್ಲ ಮೇಡಂ. ಅವನನ್ನ ಇನ್ನೂ ಕೇಳಿಲ್ಲ."

"ಒಂದೇ ಮನೇಲಿ ಇದೀರಾ?"

"ಇಲ್ಲ."

"ಸರಿ. ಇವತ್ತಿಗೆ ಸಂಗಾತಿ ವಿಷಯ ಏನೂ ಬರಿಯಲ್ಲ. ಬದಲಾವಣೆ ಆದ್ರೆ ಹದಿನಾಲ್ಕು ದಿನದೊಳಗೆ ತಿಳಿಸ್ಬೇಕು." ಅವಳು ಮೂಗೆಳೆದುಕೊಂಡಳು. "ಕೆಲಸಕ್ಕೆ ಬೇಕಾದ ದಾರಿ ಇಪ್ಪತ್ತು ನಿಮಿಷದ್ದು. ಮಿಕ್ಕಿದ್ದು ನಿಮ್ಮ ಸ್ವಂತ ಸುತ್ತಾಟ ಅಂತ ನಂಗೆ ಕಾಣುತ್ತೆ. ಆದ್ರೆ ತೀರ್ಮಾನ ನಂದಲ್ಲ, ಮೇಲಿನವರು ನೋಡಿ ಪತ್ರ ಕಳಿಸ್ತಾರೆ. ನೀವಾಗೇ ಹೇಳಿದ್ರಿ ಅಂತ ಬರ್ದಿದೀನಿ."

ನಾನು ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

"ನೀನು ನನ್ನಿಂದ ತಪ್ಪಿಸ್ಕೊಳ್ತಿದೀಯ ಅಂದ್ಕೊಂಡೆ," ಅಂದ ಆಂಗಸ್. ಕಿವಿಗಳು ಕೆಂಡದಂತಾಗಿದ್ದವು. "ಆ ಸುಳ್ಳು ಮರ ನಾನೇ ಬೀಳಿಸಿದ್ದು. ಅದರಿಂದ ಅಜ್ಜಿಗೆ..."

"ನಾನೂ ಎತ್ತು ಅಂತ ಹೇಳ್ಲಿಲ್ವಲ್ಲ."

"ಡೆನೀಸ್ ಹೇಳಿದ್ದಕ್ಕೆ ನಾನು ನಕ್ಕೆ. ನಮ್ಮಮ್ಮ ನನ್ನ ಸಾಕಿದ್ದೇ ಭತ್ಯೇಲಿ, ಗೊತ್ತಾ? ಆದ್ರೂ ನಕ್ಕೆ, ಕತ್ತೆ ಥರ." ಅವನು ನನ್ನ ಕಡೆ ತಿರುಗಿದ. ನೋಡಿದ, ಕಣ್ಣು ತಗ್ಗಿಸಿದ, ಮತ್ತೆ ನೋಡಿದ. "ಭಯ ಆಗ್ತಿದೆಯಾ?"

"ತುಂಬಾ."

"ಪತ್ರ ಬಂದಾಗ ಒಬ್ಳೇ ಒಡೀಬೇಡ. ಅಷ್ಟು ಮಾತ್ರ ಕೇಳ್ತೀನಿ. ಇನ್ನೊಂದು ಮಾತು ಆಮೇಲೆ."

ಆ ದಿನ ಅವನು ನನ್ನನ್ನು ಮನೆಗೆ ಬಿಟ್ಟದ್ದು ಅತಿ ಹತ್ತಿರದ ದಾರಿಯಲ್ಲಿ, ಅತಿ ಜೋರಾಗಿ. ಅದಕ್ಕೂ ನನಗೆ ಅಳು ಬಂತು.

ಹನ್ನೊಂದು ದಿನ ಕಳೆದವು. ಅಂಚೆಯವನ ಬೈಕಿನ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಗೇಟಿಗೆ ಹೋಗುತ್ತಿದ್ದೆ. ಅಜ್ಜಿ ಹಗಲಿಡೀ ಕಿಟಕಿ ತೆರೆದಿಡು ಅನ್ನುತ್ತಿದ್ದಳು, ಚಳಿಯಾದರೂ.

ಹನ್ನೆರಡನೆಯ ದಿನ ಬುಧವಾರ. ಪಾಳಿ ಮುಗಿಸಿ ಆಂಗಸ್ ನನ್ನನ್ನು ಗೇಟಿನ ಬಳಿ ಇಳಿಸುವಾಗ ಗ್ವೆನ್ ಹೊರಗೆ ಬಂದು ಕೈ ಬೀಸಿದಳು. "ಪತ್ರ ಬಂದಿದೆ. ನಿಮ್ಮಜ್ಜಿ ಅದನ್ನ ಕೆಳಗೆ ಹಾಕ್ಕೊಂಡು ಕೂತಿದಾಳೆ. ನಂಗೂ ಕೊಡ್ಲಿಲ್ಲ."

ನಾವಿಬ್ಬರೂ ಒಳಗೆ ಹೋದೆವು. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

"ಹುಡುಗನೂ ಬಂದ್ನಾ? ಸರಿ, ಈಗ ಎತ್ತು ನನ್ನ. ಇಬ್ರೂ ಹಿಡ್ಕೊಳ್ಳಿ."

ಒಂದು ಕಡೆ ನಾನು, ಒಂದು ಕಡೆ ಅವನು ಹಿಡಿದು ಎತ್ತಿದೆವು. ಲಕೋಟೆ ಬೆಚ್ಚಗಿತ್ತು. ನನ್ನ ಬೆರಳಿಗೆ ಅದು ಹರಿಯಲು ಬರಲಿಲ್ಲ. ಆಂಗಸ್ ಅಂಚು ಬಿಡಿಸಿ, ಓದದೆ, ನನ್ನ ಕೈಗೆ ಕೊಟ್ಟ. ಸಾಲುಗಳು ಕುಣಿದವು. ಮೂರನೆಯ ಸಾಲಿನಲ್ಲಿ ನಿಂತವು.

"ಮುಂದುವರಿಯುತ್ತೆ ಅಂತಿದೆ, ಅಜ್ಜಿ."

ಅಜ್ಜಿ ಬಲಗೈಯಿಂದ ನನ್ನ ಕೆನ್ನೆ ಮುಟ್ಟಿದಳು, ಆಮೇಲೆ ಕಿಟಕಿ ಮುಚ್ಚು ಅಂದಳು, ಚಳಿಯಂತೆ.

ನಾನು ಕಿಟಕಿ ಮುಚ್ಚುತ್ತಿದ್ದಾಗ ಆಂಗಸ್ ಪಕ್ಕಕ್ಕೆ ಬಂದು ನಿಂತ. ಅಂಗಿಯ ಜೇಬಿನಿಂದ ಒಂದು ಒಣಗಿದ ಸೇಬಿನ ಎಲೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಅಂದು ಜೆಟ್ಟಿಯ ಬಳಿ ಕೇಳದೆ ಉಳಿದ ಮಾತನ್ನು ಅಜ್ಜಿಗೆ ಕೇಳಿಸದ ಹಾಗೆ ಕೇಳಿದ. ನಾನು ಕೊಟ್ಟ ಉತ್ತರ ಮಾತಿನದಲ್ಲ. ಅವನ ಕೆಂಪು ಕಿವಿ ನನ್ನ ತುಟಿಗೆ ಬೆಚ್ಚಗೆ ತಾಗಿತು.

"ನಂಗೆ ಕೈಕಾಲಷ್ಟೇ ಬಿದ್ದಿರೋದು, ಕಣ್ಣಲ್ಲ," ಅಂದಳು ಅಜ್ಜಿ ಹಿಂದಿನಿಂದ. "ಬದಲಾವಣೆ ಆದ್ರೆ ಹದಿನಾಲ್ಕು ದಿನದೊಳಗೆ ತಿಳಿಸ್ಬೇಕು ಅಂದಿದ್ರಲ್ಲ ಆ ಮೇಡಂ. ಯಾವತ್ತಿಂದ ಎಣಿಸೋದು?"

ಆಂಗಸ್ ನನ್ನನ್ನು ನೋಡಿದ. ಭಯ ಪೂರ್ತಿ ಹೋಗಿರಲಿಲ್ಲ; ಮುಂದೆಯೂ ಪತ್ರಗಳು ಬರುತ್ತವೆ, ಬೈಕಿನ ಸದ್ದು ಕೇಳುತ್ತದೆ. ಆದರೆ ಅವನ ಕಿರುಬೆರಳು ನನ್ನ ಕಿರುಬೆರಳನ್ನು ಹಿಡಿದುಕೊಂಡಿತ್ತು.

"ಇವತ್ತಿಂದ, ಅಜ್ಜಿ," ಅಂದೆ.